ನಿಮ್ಮ ತಾಲೂಕಿನ ಅತಿ ಎತ್ತರದ ಜಾಗ ಯಾವುದು?

ಮಕ್ಕಳೇ, ಕೆಲವು ವರ್ಷಗಳ ಹಿಂದೆ ಸುಳ್ಯದ ಕಡೆಯ ಒಂದು ಶಾಲೆಯಲ್ಲಿ ನಾನು ವಿಜ್ಞಾನ ರಸಪ್ರಶ್ನೆ ನಡೆಸುತ್ತಿದ್ದೆ. ಪ್ರಶ್ನೆಗಳನ್ನು ತಯಾರಿಸಿದವನೂ ನಾನೇ. ಕೊನೆಯ ಸುತ್ತಿನಲ್ಲಿ “ಸುಳ್ಯ ತಾಲೂಕಿನ ಅತಿ ಎತ್ತರದ ಜಾಗ ಯಾವುದು?” ಎಂದು ಕೇಳಿದೆ. ನನ್ನ ಹಾಳೆಯಲ್ಲಿ ಉತ್ತರ ಸಿದ್ಧವಾಗಿತ್ತು: ಕುಮಾರ ಪರ್ವತ, 1,712 ಮೀಟರ್. ಏಳನೆಯ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು, “ಹೊಸ ಗಡಿ ನೋಡದೆ ಹೇಳ್ಲಿಕ್ಕೆ ಆಗುದಿಲ್ಲ ಸರ್. ಸುಬ್ರಹ್ಮಣ್ಯ ಈಗ ಕಡಬ ತಾಲೂಕು ಅಲ್ವಾ?” ಎಂದಳು. ಸಮಯ ಮುಗಿಯಿತೆಂದು ನಾನು ಗಂಟೆ ಬಾರಿಸಿ, ಪ್ರಶ್ನೆಯನ್ನು ಪಕ್ಕದ ತಂಡಕ್ಕೆ ದಾಟಿಸಿದೆ. ಅವರು “ಕುಮಾರ ಪರ್ವತ” ಎಂದರು. ಅಂಕ ಕೊಟ್ಟೆ. ಹುಡುಗಿಯ ತಂಡ ಒಂದೇ ಒಂದು ಅಂಕದಿಂದ ಸೋತಿತು.

ಮನೆಗೆ ಬರುವ ಬಸ್ಸಿನಲ್ಲಿ ಕುಳಿತಾಗ ನನಗೆ ಹೊಳೆಯಿತು, ಅವಳು ಹೇಳಿದ್ದೇ ಸರಿ. ತಪ್ಪು ನನ್ನ ಹಾಳೆಯಲ್ಲಿತ್ತು. ಆ ಉತ್ತರವನ್ನು ನಾನು ಹಳೆಯ ನಕ್ಷೆ ನೋಡಿ ಬರೆದಿದ್ದೆ. ಇಷ್ಟು ಸರಳವಾಗಿ ಕಾಣುವ ಪ್ರಶ್ನೆಯೊಳಗೆ ಎಷ್ಟೊಂದು ವಿಜ್ಞಾನ ಅಡಗಿದೆ ಎಂದು ಆಮೇಲೆ ಹುಡುಕುತ್ತಾ ಹೋದೆ. ಅದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಗೆರೆ ಸರಿದರೆ ಉತ್ತರವೂ ಸರಿಯುತ್ತದೆ

ಬೆಟ್ಟಗಳಿಗೆ ತಾಲೂಕು ಗೊತ್ತಿಲ್ಲ. ತಾಲೂಕಿನ ಗಡಿ ಮನುಷ್ಯರು ಎಳೆದ ಗೆರೆ. ಕಡಬ ತಾಲೂಕು ಅಸ್ತಿತ್ವಕ್ಕೆ ಬಂದದ್ದು 2018ರಲ್ಲಿ. ಅದಕ್ಕಾಗಿ ಪುತ್ತೂರು ತಾಲೂಕಿನಿಂದ ಕೆಲವು ಗ್ರಾಮಗಳನ್ನೂ ಸುಳ್ಯ ತಾಲೂಕಿನಿಂದ ಕೆಲವು ಗ್ರಾಮಗಳನ್ನೂ ತೆಗೆದುಕೊಂಡರು. ಅದಕ್ಕೆ ಮೊದಲು ಶಿರಾಡಿ, ಬಿಳಿನೆಲೆ ಮುಂತಾದ ಘಟ್ಟದ ಬುಡದ ಊರುಗಳೆಲ್ಲ ಪುತ್ತೂರು ತಾಲೂಕಿನಲ್ಲಿದ್ದವು. ಸುಬ್ರಹ್ಮಣ್ಯ ಸುಳ್ಯ ತಾಲೂಕಿನಲ್ಲಿತ್ತು. ಹೊಸ ಗೆರೆ ಬಿದ್ದ ದಿನ ಪುತ್ತೂರಿಗೆ ಪಶ್ಚಿಮ ಘಟ್ಟದ ನಂಟೇ ತಪ್ಪಿಹೋಯಿತು. ಒಂದು ಹಿಡಿ ಮಣ್ಣು ಕೂಡ ಅಲುಗಾಡಲಿಲ್ಲ, ಆದರೆ ‘ಪುತ್ತೂರು ತಾಲೂಕಿನ ಅತಿ ಎತ್ತರದ ಜಾಗ’ ಘಟ್ಟದಿಂದ ಇಳಿದು ಯಾವುದೋ ಗೇರು ತೋಟದ ನಡುವಿನ ಗುಡ್ಡೆಗೆ ಬಂದು ಕುಳಿತಿತು!

ಇನ್ನೂ ಒಂದು ತೊಡಕಿದೆ. ಕುಮಾರ ಪರ್ವತದ ತುದಿ ಇರುವುದು ಕೊಡಗು ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಗಡಿಯಲ್ಲಿ. ಕೊಡಗಿನವರು ಅದನ್ನು ಪುಷ್ಪಗಿರಿ ಎನ್ನುತ್ತಾರೆ. ಆ ಕಡೆ ಸೋಮವಾರಪೇಟೆ ತಾಲೂಕು, ಈ ಕಡೆ ನಮ್ಮದು. ಹೀಗೆ ಗಡಿಯಲ್ಲಿರುವ ಬೆಟ್ಟದಲ್ಲಿ ಗೆರೆ ಸರಿಯಾಗಿ ನೆತ್ತಿಯ ಮೇಲೆ ಹಾದುಹೋಗುತ್ತದೆಯೇ, ಇಲ್ಲ ನೆತ್ತಿಗಿಂತ ಹತ್ತು ಮಾರು ಕೆಳಗೆ ಹಾದುಹೋಗುತ್ತದೆಯೇ ಎಂಬುದನ್ನು ನೋಡಲೇಬೇಕು.

ಒಂದು ಹೆಂಚಿನ ಮಾಡನ್ನು ಕಲ್ಪಿಸಿಕೊಳ್ಳಿ. ಅಣ್ಣ ತಮ್ಮ ಮನೆಯನ್ನು ಪಾಲು ಮಾಡಿಕೊಂಡರು. ಪಾಲಿನ ಗೋಡೆ ಮಾಡಿನ ನೆತ್ತಿಯ ಕೆಳಗೆ ಬರಲಿಲ್ಲ, ಇಳಿಜಾರಿನ ನಡುವೆ ಎಲ್ಲೋ ಬಂತು. ಈಗ ತಮ್ಮನ ಪಾಲಿನ ಅತಿ ಎತ್ತರದ ಜಾಗ ಯಾವುದು? ಮಾಡಿನ ನೆತ್ತಿಯಲ್ಲ, ಅದು ಅಣ್ಣನಿಗೆ ಹೋಯಿತು. ಗೋಡೆಯೂ ಮಾಡೂ ಸೇರುವ ಆ ಗೆರೆಯೇ ತಮ್ಮನಿಗೆ ಉಳಿದದ್ದು. ತಾಲೂಕುಗಳಲ್ಲಿಯೂ ಹೀಗೆಯೇ. ಕೆಲವು ತಾಲೂಕುಗಳ ಅತಿ ಎತ್ತರದ ಜಾಗ ಒಂದು ಶಿಖರವೇ ಆಗಿರುತ್ತದೆ. ಇನ್ನು ಕೆಲವಕ್ಕೆ ಅದು ಪಕ್ಕದ ತಾಲೂಕಿನ ಬೆಟ್ಟದ ಮೈಯಲ್ಲಿ, ಗಡಿಗೆರೆಯ ಮೇಲಿನ ಒಂದು ಬಿಂದು ಮಾತ್ರ. ಅಲ್ಲಿ ನಿಂತರೆ ನಿಮ್ಮ ಮುಂದೆ ನೆಲ ಇನ್ನೂ ಏರುತ್ತಲೇ ಇರುತ್ತದೆ. ಆದರೆ ಅದು ನಿಮ್ಮ ತಾಲೂಕಲ್ಲ!

ಸುಳ್ಯದ ಮಕ್ಕಳಿಗೆ ಇದೇ ಪ್ರಶ್ನೆ. ಕಲ್ಮಕಾರು, ಕೊಲ್ಲಮೊಗ್ರು ಕಡೆಯಿಂದ ಹಿಡಿದು ಸಂಪಾಜೆಯವರೆಗೆ ನಿಮ್ಮ ಪೂರ್ವದ ಗಡಿ ಘಟ್ಟದ ಮೈಯಲ್ಲೇ ಸಾಗುತ್ತದೆ. ಆ ಗೆರೆಯನ್ನು ಬೆರಳಿನಿಂದ ಹಿಂಬಾಲಿಸುತ್ತಾ ಹೋದರೆ ಉತ್ತರ ಸಿಗುತ್ತದೆ. ನಾನು ಹೇಳಿಬಿಟ್ಟರೆ ನಿಮ್ಮ ಕೆಲಸ ಕೆಡುತ್ತದೆ.

ಕಣ್ಣನ್ನು ನಂಬಬೇಡಿ

“ನಕ್ಷೆ ಯಾಕೆ ಸರ್, ನೋಡಿದರೆ ಗೊತ್ತಾಗುದಿಲ್ವಾ?” ಎಂದು ನೀವು ಕೇಳಬಹುದು. ಇಲ್ಲ, ಗೊತ್ತಾಗುವುದಿಲ್ಲ.

ಪುತ್ತೂರು ಪೇಟೆಯಿಂದ ಕುಮಾರ ಪರ್ವತಕ್ಕೆ ನೇರ ಗೆರೆಯಲ್ಲಿ ಸುಮಾರು 50 ಕಿಲೋಮೀಟರ್. ಡಿಸೆಂಬರ್ ತಿಂಗಳ ಶುಭ್ರವಾದ ಬೆಳಿಗ್ಗೆ ಪುತ್ತೂರಿನ ಒಂದು ಎತ್ತರದ ಗುಡ್ಡೆಯಿಂದ ನೋಡಿದರೆ ಪೂರ್ವದಲ್ಲಿ ಘಟ್ಟದ ಸಾಲು ನೀಲಿಯಾಗಿ ಕಾಣುತ್ತದೆ. ಕೈಯನ್ನು ನೇರ ಮುಂದೆ ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿಯಿರಿ. ಆ ಬೆರಳಿನ ಅಗಲ ನಿಮ್ಮ ಕಣ್ಣಿಗೆ ಸುಮಾರು 2 ಡಿಗ್ರಿ ಕೋನ. 1,712 ಮೀಟರಿನ ಬೆಟ್ಟ ಅಷ್ಟು ದೂರದಿಂದ 2 ಡಿಗ್ರಿಯೂ ಏರುವುದಿಲ್ಲ, ಹೆಬ್ಬೆರಳನ್ನು ಅಡ್ಡ ಹಿಡಿದರೆ ಇಡೀ ಪರ್ವತ ಮರೆಯಾಗುತ್ತದೆ. ಅದೇ ನಿಮ್ಮಿಂದ 100 ಮೀಟರ್ ದೂರದಲ್ಲಿರುವ 20 ಮೀಟರಿನ ತೆಂಗಿನ ಮರ 11 ಡಿಗ್ರಿ ಏರುತ್ತದೆ. ಹತ್ತಿರದ ಸಣ್ಣದು ದೂರದ ದೊಡ್ಡದನ್ನು ನುಂಗಿಹಾಕುತ್ತದೆ.

ಇದರ ಮೇಲೆ ಭೂಮಿ ಬೇರೆ ದುಂಡಗಿದೆ. ದೂರದ ಬೆಟ್ಟದ ಬುಡ ಬಾಗಿದ ನೆಲದ ಹಿಂದೆ ಇಳಿದುಹೋಗಿರುತ್ತದೆ. ಗಾಳಿಯಲ್ಲಿ ಬೆಳಕು ಸ್ವಲ್ಪ ಬಾಗುವುದರಿಂದ ಈ ನಷ್ಟದಲ್ಲಿ ಒಂದಿಷ್ಟು ವಾಪಸು ಸಿಗುತ್ತದೆ. ಎರಡನ್ನೂ ಸೇರಿಸಿ ಸರ್ವೆಯವರು ಬಳಸುವ ಒಂದು ಸುಲಭ ಲೆಕ್ಕವಿದೆ: ದೂರವನ್ನು ಕಿಲೋಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗ ಮಾಡಿ, 0.067ರಿಂದ ಗುಣಿಸಿ. ಬೆಟ್ಟ ಅಷ್ಟು ಮೀಟರ್ ತಗ್ಗಿದಂತೆ ಕಾಣುತ್ತದೆ. 2 ಕಿಲೋಮೀಟರಿಗೆ 27 ಸೆಂಟಿಮೀಟರ್, 10 ಕಿಲೋಮೀಟರಿಗೆ ಸುಮಾರು 7 ಮೀಟರ್. 50 ಕಿಲೋಮೀಟರಿಗೆ ಎಷ್ಟು? ಲೆಕ್ಕ ಹಾಕಿ ನೋಡಿ. 160 ಮೀಟರಿಗೂ ಹೆಚ್ಚು ಬರುತ್ತದೆ.

ಬೆಟ್ಟವನ್ನು ಕಾಗದದ ಮೇಲೆ ಓದುವುದು

ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಯನ್ನು ನಿಮ್ಮ ಸಮಾಜ ವಿಜ್ಞಾನದ ಗುರುಗಳಲ್ಲಿ ಕೇಳಿ ನೋಡಿ. ಟೋಪೋಶೀಟ್ ಎಂದರೆ ಅವರಿಗೆ ಗೊತ್ತಾಗುತ್ತದೆ. 2017ರಿಂದ ಇದನ್ನು ಅಂತರಜಾಲದಿಂದಲೂ ಉಚಿತವಾಗಿ ಪಡೆಯಬಹುದು. ಇದರಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ನಕ್ಷೆಯ ತುಂಬ ಕಂದು ಬಣ್ಣದ, ಎಳೆ ಎಳೆಯಾದ ಗೆರೆಗಳಿರುತ್ತವೆ. ಇವೇ ಸಮೋನ್ನತಿ ರೇಖೆಗಳು. ಒಂದು ರೇಖೆಯ ಮೇಲಿರುವ ಎಲ್ಲ ಜಾಗಗಳೂ ಒಂದೇ ಎತ್ತರದಲ್ಲಿರುತ್ತವೆ. ಒಂದು ರೇಖೆಯಿಂದ ಮುಂದಿನ ರೇಖೆಗೆ 20 ಮೀಟರ್ ಏರು.

ಇದು ಹೇಗೆಂದು ತಿಳಿಯಲು ಒಂದು ಪ್ರಯೋಗ ಮಾಡಿ. ಬಟ್ಟಲಿನಂಥ ಅಗಲದ ಪಾತ್ರೆಯಲ್ಲಿ ಉಬ್ಬುತಗ್ಗಿರುವ ಒಂದು ಕಲ್ಲನ್ನಿಡಿ. 1 ಸೆಂಟಿಮೀಟರ್ ಎತ್ತರಕ್ಕೆ ನೀರು ಹಾಕಿ, ನೀರು ಕಲ್ಲನ್ನು ಮುಟ್ಟುವ ಅಂಚಿನ ಸುತ್ತ ಒಂದು ಗೆರೆ ಎಳೆಯಿರಿ. ಒದ್ದೆಯಾದರೂ ಅಳಿಸಿಹೋಗದ ಮೇಣದ ಬಣ್ಣದ ಕಡ್ಡಿ ಒಳ್ಳೆಯದು. ಮತ್ತೆ 1 ಸೆಂಟಿಮೀಟರ್ ನೀರು, ಮತ್ತೊಂದು ಗೆರೆ. ಕಲ್ಲು ಮುಳುಗುವವರೆಗೆ ಹೀಗೆ ಮಾಡಿ. ನೀರು ಚೆಲ್ಲಿ ಕಲ್ಲನ್ನು ನೇರ ಮೇಲಿನಿಂದ ನೋಡಿ. ಕಡಿದಾದ ಕಡೆ ಗೆರೆಗಳು ಒತ್ತೊತ್ತಾಗಿರುತ್ತವೆ, ಇಳಿಜಾರು ಮೆಲ್ಲಗಿರುವ ಕಡೆ ದೂರ ದೂರ. ನೆತ್ತಿಯ ಸುತ್ತ ಒಂದು ಪುಟ್ಟ ಉಂಗುರ.

ಈಗ ನಕ್ಷೆಗೆ ಬನ್ನಿ. ನಿಮ್ಮ ತಾಲೂಕಿನೊಳಗೆ ಅತಿ ಹೆಚ್ಚಿನ ಅಂಕಿಯ ಉಂಗುರಗಳು ಎಲ್ಲಿವೆ ಎಂದು ಗುರುತಿಸಿ. ಒಂದೇ ಉಂಗುರ ಸಿಕ್ಕಿದರೆ ನೀವು ಅದೃಷ್ಟವಂತರು. ಬಹಳ ಸಲ ಎರಡು ಮೂರು ಸಿಗುತ್ತವೆ. ಎರಡು ಗುಡ್ಡೆಗಳ ಮೇಲೂ 240 ಮೀಟರಿನ ಉಂಗುರವಿದೆ ಎಂದಿಟ್ಟುಕೊಳ್ಳಿ. ಒಂದರ ನೆತ್ತಿ 241 ಇರಬಹುದು, ಇನ್ನೊಂದರದು 259 ಇರಬಹುದು. 260 ಮುಟ್ಟದಿದ್ದರೆ ಮುಂದಿನ ಗೆರೆ ಬೀಳುವುದೇ ಇಲ್ಲ! ನಕ್ಷೆ ಇಲ್ಲಿ ಕೈಬಿಡುತ್ತದೆ. ಆಗ ಚಪ್ಪಲಿ ಹಾಕಿಕೊಂಡು ಹೊರಡುವುದೊಂದೇ ದಾರಿ. ಎರಡೂ ಗುಡ್ಡೆಗಳನ್ನು ಹತ್ತಬೇಕು.

ಹೀಗೆ ಹುಡುಕಿಕೊಂಡು ಹತ್ತುವುದೇ ಹವ್ಯಾಸವಾಗಿರುವ ಜನ ಅಮೆರಿಕದಲ್ಲಿದ್ದಾರೆ. ನಮ್ಮ ತಾಲೂಕು, ಜಿಲ್ಲೆಗಳ ಹಾಗೆ ಅಲ್ಲಿ ಕೌಂಟಿಗಳೆಂದಿವೆ, 3,100ಕ್ಕೂ ಹೆಚ್ಚು. ಒಂದೊಂದರ ಅತಿ ಎತ್ತರದ ನೈಸರ್ಗಿಕ ಜಾಗಕ್ಕೂ ಹೋಗಿ ನಿಂತು ಬರುವುದು ಅವರ ಗುರಿ. ಹಿಮದ ಶಿಖರಗಳೆಂದು ತಿಳಿಯಬೇಡಿ, ಅವುಗಳಲ್ಲಿ ಎಷ್ಟೋ ಜೋಳದ ಹೊಲದ ನಡುವಿನ ದಿಬ್ಬಗಳು. ಬೇಸಾಯದ ನಾಡಾದ ಅಯೋವಾ ರಾಜ್ಯದ ಅತಿ ಎತ್ತರದ ಬಿಂದು 509 ಮೀಟರಿನ ಹಾಕ್‌ಐ ಪಾಯಿಂಟ್. ಅದು ಇರುವುದು ಒಂದು ತೋಟದ ಮನೆಯ ಬಳಿ, ದನಗಳಿಗೆ ಮೇವು ಹಾಕುವ ಉದ್ದನೆಯ ಬಾನಿಯ ತುದಿಯಲ್ಲಿ!

ಚಪ್ಪಟೆ ಗುಡ್ಡೆಯ ನೆತ್ತಿ ಎಲ್ಲಿ?

ಪುತ್ತೂರಿನ ಗುಡ್ಡೆಗಳಿಗೂ ಇಂಥದೇ ಒಂದು ಸ್ವಭಾವವಿದೆ. ಘಟ್ಟದ ಬೆಟ್ಟಗಳಂತೆ ಅವು ಚೂಪಾಗಿಲ್ಲ, ಹಲವು ಗುಡ್ಡೆಗಳ ತಲೆ ಚಪ್ಪಟೆ. ಇಂಥ ಚಪ್ಪಟೆ ಜಾಗಕ್ಕೆ ನಾವು ಪದವು ಎನ್ನುತ್ತೇವೆ. ಕಾರಣ ಮುರಕಲ್ಲು. ಲಕ್ಷಾಂತರ ವರ್ಷ ಜೋರು ಮಳೆ, ಜೋರು ಬಿಸಿಲು ಒಂದರ ನಂತರ ಒಂದು ಬೀಳುವ ಕಡೆ ಕಲ್ಲಿನೊಳಗಿನ ಸಿಲಿಕಾ ಮುಂತಾದವು ಕರಗಿ ಹರಿದುಹೋಗುತ್ತವೆ. ಕಬ್ಬಿಣ ಮತ್ತು ಅಲ್ಯೂಮಿನಿಯಂನ ಅಂಶ ಉಳಿದು, ಗಾಳಿಗೆ ಒಡ್ಡಿಕೊಂಡಾಗ ಗಟ್ಟಿಯಾಗುತ್ತದೆ. ಈ ಗಟ್ಟಿ ಮುಚ್ಚಳದ ಕೆಳಗಿನ ನೆಲ ಬೇಗ ಸವೆಯುವುದಿಲ್ಲ. ಸುತ್ತಲಿನ ನೆಲ ಕೊಚ್ಚಿಹೋದರೂ ಪದವು ಮೇಜಿನಂತೆ ನಿಂತಿರುತ್ತದೆ. ಮನೆಯ ಗೋಡೆಗೆ ಕಡಿದು ತರುವ ಕೆಂಪು ಕಲ್ಲು ಇದೇ.

ಮೇಜಿನ ಅತಿ ಎತ್ತರದ ಜಾಗ ಹುಡುಕುವುದು ಹೇಗೆ? ಎಲ್ಲಿ ನಿಂತರೂ ಎದುರಿನ ಜಾಗವೇ ಎತ್ತರ ಎನಿಸುತ್ತದೆ. ನನಗೂ ಹಾಗೆಯೇ ಅನಿಸಿ, ಒಂದು ಪದವಿನ ಮೇಲೆ ಮಧ್ಯಾಹ್ನವೆಲ್ಲ ಆಚೆ ಈಚೆ ಓಡಾಡಿದ್ದೇನೆ. ಕೊನೆಗೆ ನೆರವಿಗೆ ಬಂದದ್ದು ಮನೆ ಕಟ್ಟುವ ಮೇಸ್ತ್ರಿಗಳ ಉಪಾಯ.

ಮಟ್ಟ ನೋಡಲು ಮೇಸ್ತ್ರಿಗಳು ಒಂದು ಪಾರದರ್ಶಕ ಪೈಪು ಇಟ್ಟುಕೊಂಡಿರುತ್ತಾರೆ. 10 ಮೀಟರ್ ಉದ್ದದ ಪೈಪಿಗೆ ನೀರು ತುಂಬಿ. ಎರಡೂ ತುದಿಗಳಲ್ಲಿ ಒಂದೊಂದು ಗೇಣು ಖಾಲಿ ಇರಲಿ. ಒಳಗೆ ಗಾಳಿಯ ಗುಳ್ಳೆ ಇರಕೂಡದು, ಇದ್ದರೆ ಅಳತೆ ತಪ್ಪುತ್ತದೆ. ಇಬ್ಬರು ಒಂದೊಂದು ತುದಿಯನ್ನು ಅಡಿಕೋಲಿಗೆ ಕಟ್ಟಿ ನೇರ ನಿಲ್ಲಿಸಿ. ನೀರು ಎರಡೂ ಕಡೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಈಗ ನೆಲದಿಂದ ನೀರಿನವರೆಗೆ ಎರಡೂ ಕಡೆ ಅಳೆಯಿರಿ. ನಿಮ್ಮ ಕಡೆ 120 ಸೆಂಟಿಮೀಟರ್, ಗೆಳೆಯನ ಕಡೆ 95 ಸೆಂಟಿಮೀಟರ್ ಬಂದರೆ ಯಾರು ನಿಂತ ನೆಲ ಎತ್ತರ? ಗೆಳೆಯನದು, 25 ಸೆಂಟಿಮೀಟರ್. ಮುಂದೆ ನೀವು ಗೆಳೆಯನನ್ನು ದಾಟಿ 10 ಮೀಟರ್ ಆಚೆ ಹೋಗಿ. ಹೀಗೆ ಕಪ್ಪೆಯಂತೆ ಒಬ್ಬರನ್ನೊಬ್ಬರು ದಾಟುತ್ತಾ ಇಡೀ ಪದವನ್ನು ಅಳೆಯಬಹುದು.

ಒಂದು ಎಚ್ಚರಿಕೆ. ಪ್ರತಿ ಅಳತೆಯಲ್ಲೂ ಅರ್ಧ ಸೆಂಟಿಮೀಟರ್ ತಪ್ಪಾದರೆ ಎಲ್ಲ ಸೇರಿ ಎಷ್ಟಾಗುತ್ತದೆ? ಅದನ್ನು ಕಂಡುಹಿಡಿಯಲು ಅಳೆಯುತ್ತಾ ಅಳೆಯುತ್ತಾ ಹೊರಟ ಜಾಗಕ್ಕೇ ವಾಪಸು ಬನ್ನಿ. ಏರಿದ್ದನ್ನೆಲ್ಲ ಕೂಡಿಸಿ, ಇಳಿದದ್ದನ್ನೆಲ್ಲ ಕಳೆದರೆ ಸೊನ್ನೆ ಬರಬೇಕು. ನಮಗೆ ಮೊದಲ ಸಲ 14 ಸೆಂಟಿಮೀಟರ್ ಬಂತು. ಪೈಪಿನಲ್ಲಿ ಗುಳ್ಳೆಯಿತ್ತು.

‘ನೈಸರ್ಗಿಕ’ ಎಂಬ ಮಾತು ಇಲ್ಲಿ ಮುಖ್ಯ. ಗುಡ್ಡೆಯ ಮೇಲೆ ನೀರಿನ ಟ್ಯಾಂಕಿ, ಮೊಬೈಲ್ ಟವರು ಇದ್ದರೆ ಅವು ಲೆಕ್ಕಕ್ಕಿಲ್ಲ. ಮಣ್ಣು ತಂದು ಹಾಕಿದ ದಿಬ್ಬವೂ ಲೆಕ್ಕಕ್ಕಿಲ್ಲ. ಡೆನ್ಮಾರ್ಕ್ ಎಂಬ ಪುಟ್ಟ ದೇಶದಲ್ಲಿ ಇದೇ ದೊಡ್ಡ ಚರ್ಚೆಯಾಗಿತ್ತು. ಆ ದೇಶ ಎಷ್ಟು ತಗ್ಗು ಎಂದರೆ 147 ಮೀಟರಿನ ಒಂದು ಗುಡ್ಡೆಗೆ ಅಲ್ಲಿನವರು ‘ಆಕಾಶ ಪರ್ವತ’ ಎಂಬ ಅರ್ಥದ ಹೆಸರಿಟ್ಟು, 1847ರವರೆಗೆ ಅದೇ ಅತಿ ಎತ್ತರ ಎಂದುಕೊಂಡಿದ್ದರು! ಆಮೇಲೆ ಅಳತೆಗಳು ಸುಧಾರಿಸಿದಂತೆ ಮೂರು ಗುಡ್ಡೆಗಳು ಕಣದಲ್ಲಿ ಉಳಿದವು. ಒಂದರ ತುದಿ 172.54 ಮೀಟರ್. ಆದರೆ ಅದರ ಮೇಲೆ ಕಂಚಿನ ಯುಗದ ಜನ ಕಟ್ಟಿದ ಸಮಾಧಿಯ ದಿಬ್ಬವಿದೆ, ಅದನ್ನು ಬಿಟ್ಟರೆ 170.77 ಮೀಟರ್. ಎರಡನೆಯದು 170.35. 2005ರಲ್ಲಿ ಅಳೆದಾಗ, ಹೊಲಗಳ ನಡುವಿನ ಮೊಲ್ಲೆಹೊಯ್ ಎಂಬ ಮೂರನೆಯ ದಿಬ್ಬ 170.86 ಮೀಟರ್ ಇದೆ ಎಂದು ತಿಳಿಯಿತು. ಗೆದ್ದದ್ದು 9 ಸೆಂಟಿಮೀಟರಿನಿಂದ. ನಿಮ್ಮ ಅಂಗೈಯ ಅಗಲಕ್ಕಿಂತ ತುಸು ಹೆಚ್ಚು, ಅಷ್ಟೆ.

ಏರಿಸಿದ್ದು ಲೆಕ್ಕಕ್ಕಿಲ್ಲ, ಸರಿ. ತೆಗೆದದ್ದು? ಮುರಕಲ್ಲಿನ ಕೋರೆಯವರು ಗುಡ್ಡೆಯ ತಲೆಯನ್ನೇ ಕೊಯ್ದು ಸಾಗಿಸಿದರೆ ಅದು ತಗ್ಗಾಗುತ್ತದೆ, ಪಕ್ಕದ ಗುಡ್ಡೆ ಗೆಲ್ಲುತ್ತದೆ. ಉಳಿದ ನೆಲವನ್ನೇ ಅಳೆಯಬೇಕು ಎಂಬುದು ನನ್ನ ಅಭಿಪ್ರಾಯ. ಹಳೆಯ ನಕ್ಷೆಯ ಅಂಕಿಯನ್ನೂ ಪಕ್ಕದಲ್ಲಿ ಬರೆದಿಡಿ. ನಾನು ಹೋದ ಒಂದು ಗುಡ್ಡೆಯಲ್ಲಿ ನಕ್ಷೆಯಲ್ಲಿದ್ದ ಉಂಗುರದ ಜಾಗದಲ್ಲಿ ಮಳೆನೀರು ತುಂಬಿದ ಚೌಕದ ಹೊಂಡವಿತ್ತು. ಅಂಥ ಹೊಂಡಗಳ ಅಂಚಿಗೆ ಮಾತ್ರ ಯಾರೂ ಹೋಗಬೇಡಿ.

ಸೊನ್ನೆ ಎಲ್ಲಿದೆ?

1,712 ಮೀಟರ್ ಎಂದೆವು. ಎಲ್ಲಿಂದ? ಸಮುದ್ರ ಮಟ್ಟದಿಂದ. ಆದರೆ ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಅದಕ್ಕಾಗಿ ಬಂದರುಗಳಲ್ಲಿ ವರ್ಷಗಟ್ಟಲೆ ನೀರಿನ ಮಟ್ಟವನ್ನು ಬರೆದಿಟ್ಟು ಸರಾಸರಿ ತೆಗೆಯುತ್ತಾರೆ. 1909ರಲ್ಲಿ ನಮ್ಮ ದೇಶದ ಎತ್ತರಗಳಿಗೆಲ್ಲ ಸೊನ್ನೆಯನ್ನು ಗೊತ್ತುಮಾಡಿದಾಗ ಒಂಬತ್ತು ಬಂದರುಗಳ ಅಳತೆಗಳನ್ನು ಆಧಾರವಾಗಿಟ್ಟುಕೊಂಡರು. ಅವುಗಳಲ್ಲಿ ನಮ್ಮ ಕಾರವಾರವೂ ಒಂದು. ಅಲ್ಲಿಂದ ಸರ್ವೆಯವರು ಮೇಸ್ತ್ರಿಯ ಪೈಪಿನದೇ ತತ್ತ್ವದಲ್ಲಿ, ಆದರೆ ದೂರದರ್ಶಕವಿರುವ ಉಪಕರಣದಿಂದ, ಹೆಜ್ಜೆ ಹೆಜ್ಜೆಯಾಗಿ ದೇಶದ ಒಳಕ್ಕೆ ಎತ್ತರವನ್ನು ಸಾಗಿಸಿದರು. ಮುಂದಿನ ಸಲ ಕಬಕ ಪುತ್ತೂರು ಅಥವಾ ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣಕ್ಕೆ ಹೋದಾಗ ಊರಿನ ಹೆಸರು ಬರೆದ ಹಳದಿ ಫಲಕವನ್ನು ಗಮನಿಸಿ. ರೈಲ್ವೆಯವರು ಇಂಥ ಫಲಕಗಳಲ್ಲಿ ಸಮುದ್ರ ಮಟ್ಟದಿಂದ ಆ ನಿಲ್ದಾಣದ ಎತ್ತರವನ್ನು ಬರೆಯುವುದು ವಾಡಿಕೆ. ನಿಮ್ಮ ಅಳತೆಯನ್ನು ಅಲ್ಲಿಂದಲೇ ಶುರುಮಾಡಬಹುದು.

“ಇಷ್ಟೆಲ್ಲ ಯಾಕೆ, ಅಪ್ಪನ ಮೊಬೈಲ್ ತೋರಿಸುತ್ತದೆ” ಎನ್ನುವವರು ಇದ್ದೇ ಇದ್ದಾರೆ. ನಾನೂ ತೋರಿಸಿಕೊಂಡಿದ್ದೇನೆ. ಮಂಗಳೂರಿನ ಕಡಲ ತೀರದಲ್ಲಿ, ಅಲೆ ಕಾಲಿಗೆ ತಾಗುತ್ತಿರುವಾಗ, ನನ್ನ ಮೊಬೈಲು ನಾನು ಸಮುದ್ರ ಮಟ್ಟಕ್ಕಿಂತ 80 ಮೀಟರಿಗೂ ಕೆಳಗಿದ್ದೇನೆ ಎಂದಿತು! ಮೊಬೈಲು ಕೆಟ್ಟಿರಲಿಲ್ಲ. ಉಪಗ್ರಹಗಳು ಎತ್ತರವನ್ನು ಲೆಕ್ಕ ಹಾಕುವುದು ಭೂಮಿಯನ್ನು ನುಣುಪಾದ, ಧ್ರುವಗಳಲ್ಲಿ ತುಸು ಚಪ್ಪಟೆಯಾದ ಚೆಂಡು ಎಂದು ಭಾವಿಸಿ. ನಿಜವಾದ ಸಮುದ್ರ ಅಷ್ಟು ನುಣುಪಲ್ಲ. ಗುರುತ್ವಾಕರ್ಷಣೆ ಹೆಚ್ಚಿರುವ ಕಡೆ ನೀರು ಗುಡ್ಡೆಯಾಗಿ ನಿಲ್ಲುತ್ತದೆ, ಕಡಿಮೆ ಇರುವ ಕಡೆ ತಗ್ಗುತ್ತದೆ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಈ ತಗ್ಗು 100 ಮೀಟರಿಗೂ ಹೆಚ್ಚು, ಇಡೀ ಭೂಮಿಯಲ್ಲೇ ಅತಿ ಆಳವಾದದ್ದು. ಅದು ಹೇಗೆ ಉಂಟಾಯಿತು ಎಂಬುದರ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2023ರಲ್ಲಿ ಒಂದು ವಿವರಣೆಯನ್ನು ಪ್ರಕಟಿಸಿದರು. ನಮ್ಮ ಕರಾವಳಿ ಆ ತಗ್ಗಿನ ಇಳಿಜಾರಿನಲ್ಲಿದೆ. ಕೆಲವು ಮೊಬೈಲುಗಳು ಈ ವ್ಯತ್ಯಾಸವನ್ನು ಸರಿಪಡಿಸಿ ತೋರಿಸುತ್ತವೆ, ಕೆಲವು ಇಲ್ಲ. ಪುತ್ತೂರು ಪೇಟೆ ಸಮುದ್ರ ಮಟ್ಟದಿಂದ ಸುಮಾರು 87 ಮೀಟರ್ ಎತ್ತರದಲ್ಲಿದೆ. ಸರಿಪಡಿಸದ ಮೊಬೈಲು ಅಲ್ಲಿ ಹತ್ತಿರ ಹತ್ತಿರ ಸೊನ್ನೆ ತೋರಿಸೀತು!

ಕಡಬದ ಮೂಡಣ ಗೋಡೆ

ಇನ್ನು ಮೂರು ತಾಲೂಕುಗಳಲ್ಲಿ ದೊಡ್ಡಣ್ಣನ ವಿಷಯ. ಕುಕ್ಕೆ ಸುಬ್ರಹ್ಮಣ್ಯ ಇರುವುದು ಸುಮಾರು 120 ಮೀಟರ್ ಎತ್ತರದಲ್ಲಿ. ಅಲ್ಲಿಂದ ಗಿರಿಗದ್ದೆ, ಕಲ್ಲುಮಂಟಪ, ಶೇಷ ಪರ್ವತಗಳನ್ನು ದಾಟಿ ಕುಮಾರ ಪರ್ವತದ ತುದಿಗೆ ಕಾಲುದಾರಿ ಸುಮಾರು 13 ಕಿಲೋಮೀಟರ್. ಏರಬೇಕಾದದ್ದು 1,600 ಮೀಟರಿನಷ್ಟು. ನಿಮ್ಮ ಶಾಲೆಯ ಮೆಟ್ಟಿಲು 15 ಸೆಂಟಿಮೀಟರ್ ಎತ್ತರವಿದ್ದರೆ ಅಂಥ 10,600 ಮೆಟ್ಟಿಲುಗಳು. ಶೇಷ ಪರ್ವತ ತಲುಪಿದಾಗ ಗೆದ್ದೆವು ಎನಿಸುತ್ತದೆ, ಆದರೆ ಮುಂದೆ ದಾರಿ ಕಾಡಿನೊಳಕ್ಕೆ ಇಳಿದು ಮತ್ತೆ ಬಂಡೆ ಹತ್ತಿಸುತ್ತದೆ.

ಮೇಲೆ ಹೋದಂತೆ ಪ್ರತಿ 1,000 ಮೀಟರಿಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇಳಿಯುತ್ತದೆ. ಕುಕ್ಕೆಯಲ್ಲಿ 30 ಡಿಗ್ರಿ ಇದ್ದರೆ ತುದಿಯಲ್ಲಿ 20ರ ಆಸುಪಾಸು. ಗಾಳಿಯ ಒತ್ತಡವೂ ಕಡಿಮೆ, ಹಾಗಾಗಿ ಅಲ್ಲಿ ನೀರು 100 ಡಿಗ್ರಿಗಲ್ಲ, 94 ಡಿಗ್ರಿಯ ಹೊತ್ತಿಗೇ ಕುದಿಯುತ್ತದೆ. ಗಂಜಿ ಬೇಯಲು ಹೆಚ್ಚು ಹೊತ್ತು ಬೇಕು.

ನಮಗೆಲ್ಲ ಮುಖ್ಯವಾದದ್ದು ಮಳೆ. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿಗೆ ಈ ಗೋಡೆ ಅಡ್ಡವಾಗುತ್ತದೆ. ಗಾಳಿ ಮೇಲೇರಿ ತಣ್ಣಗಾಗಿ, ಹೊತ್ತು ತಂದ ನೀರನ್ನು ಅಲ್ಲೇ ಸುರಿಸುತ್ತದೆ. ಪರ್ವತದ ಕೊಡಗಿನ ಮಗ್ಗುಲಲ್ಲಿ ಮಲ್ಲಳ್ಳಿ ಜಲಪಾತವಾಗಿ ಧುಮುಕುವ ನೀರು ಕೂಡ ತಿರುಗಿ ನಮ್ಮ ಕಡೆಗೇ ಬರುತ್ತದೆ. ಅದೇ ಕುಮಾರಧಾರಾ. ಸುಬ್ರಹ್ಮಣ್ಯದ ಮೂಲಕ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಅಂದರೆ ಕಡಬದ ಮೇಲಿನ ಎತ್ತರಕ್ಕೂ ಪುತ್ತೂರು ತಾಲೂಕಿನ ತಗ್ಗಿಗೂ ಒಂದೇ ನೀರಿನ ಗೆರೆ. ಸುಳ್ಯದ ಪಯಸ್ವಿನಿ ಬೇರೆ ದಾರಿ ಹಿಡಿದು ಕಾಸರಗೋಡಿನ ಕಡೆಗೆ ಹೋಗುತ್ತದೆ.

1,600 ಮೀಟರಿನ ಇಳಿಜಾರು ಇಷ್ಟು ಕಡಿಮೆ ದೂರದಲ್ಲಿ ಇಳಿಯುವಾಗ ನೀರಿಗೆ ಎಂಥ ಬಲ ಬರುತ್ತದೆ ಎಂಬುದನ್ನು ಈ ಭಾಗದವರು 2022ರ ಆಗಸ್ಟ್ 1ರಂದು ಕಂಡಿದ್ದಾರೆ. ಆ ಸಂಜೆ ಸುಬ್ರಹ್ಮಣ್ಯ, ಹರಿಹರ ಪಳ್ಳತ್ತಡ್ಕ, ಕೊಲ್ಲಮೊಗ್ರು, ಕಲ್ಮಕಾರು ಭಾಗದಲ್ಲಿ ಕೆಲವೇ ಗಂಟೆಗಳಲ್ಲಿ ಭಾರೀ ಮಳೆ ಸುರಿಯಿತು. ಹೊಳೆಗಳು ತೋಟಗಳಿಗೆ ನುಗ್ಗಿದವು, ಗುಡ್ಡೆಗಳು ಜರಿದವು. ಸುಬ್ರಹ್ಮಣ್ಯದಲ್ಲಿ ಮನೆಯ ಮೇಲೆ ಗುಡ್ಡೆ ಕುಸಿದು ಇಬ್ಬರು ಮಕ್ಕಳು, ನಿಮ್ಮ ಹಾಗೆ ಶಾಲೆಗೆ ಹೋಗುವ ವಯಸ್ಸಿನವರು, ತೀರಿಕೊಂಡರು. ಆ ವರ್ಷದಿಂದೀಚೆಗೆ ಸಮೋನ್ನತಿ ರೇಖೆಗಳನ್ನು ಕಲಿಸುವಾಗ ನಾನು ಅತಿ ಎತ್ತರದ ಉಂಗುರಕ್ಕೆ ಮೊದಲೇ ಹೋಗುವುದಿಲ್ಲ. ಮೊದಲು ನಿಮ್ಮ ಮನೆ ನಕ್ಷೆಯಲ್ಲಿ ಎಲ್ಲಿದೆ ಎಂದು ಹುಡುಕಲು ಹೇಳುತ್ತೇನೆ. ಮನೆಯ ಹಿಂದೆ ಕಂದು ಗೆರೆಗಳು ಒತ್ತೊತ್ತಾಗಿವೆಯೇ? ಆ ಗೆರೆಗಳು ಮೇಲ್ಮುಖವಾಗಿ ಬಾಣದ ತುದಿಯಂತೆ ಚುಚ್ಚಿಕೊಂಡಿವೆಯೇ? ಹಾಗಿದ್ದರೆ ಅದು ಕಣಿವೆ, ಮಳೆಗಾಲದಲ್ಲಿ ನೀರು ಅಲ್ಲೇ ಇಳಿಯುತ್ತದೆ. ಮನೆಯ ಹಿಂದಿನ ಗುಡ್ಡೆಯನ್ನು ಕಡಿದು ಅಂಗಳ ಮಾಡಿದ್ದರೆ, ಅದರಲ್ಲಿ ಹೊಸ ಬಿರುಕು ಕಂಡರೆ, ಕೆಸರು ಬಣ್ಣದ ನೀರು ಒಸರತೊಡಗಿದರೆ ಮನೆಯವರಿಗೆ ಕೂಡಲೇ ಹೇಳಿ. ಇದನ್ನು ಗಮನಿಸಲು ಯಾವ ಉಪಕರಣವೂ ಬೇಡ.

ಹೊರಡುವ ಮುನ್ನ

ಕುಮಾರ ಪರ್ವತಕ್ಕೆ ಮಕ್ಕಳು ತಾವಾಗಿ ಹೋಗುವಂತಿಲ್ಲ. ಅದು ಅರಣ್ಯ ಇಲಾಖೆಯ ಪ್ರದೇಶ, ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ. 2024ರ ಜನವರಿಯಲ್ಲಿ ಒಂದೇ ವಾರಾಂತ್ಯಕ್ಕೆ ವಿಪರೀತ ಜನ ಸೇರಿದ ಮೇಲೆ ಚಾರಣಕ್ಕೆ ಮುಂಗಡವಾಗಿ ಹೆಸರು ನೋಂದಾಯಿಸುವ ಪದ್ಧತಿಯನ್ನು ತಂದರು. ದೊಡ್ಡವರಾದ ಮೇಲೆ ಹೋಗಿ. ಸದ್ಯಕ್ಕೆ ನಿಮ್ಮ ಗ್ರಾಮದ ಅತಿ ಎತ್ತರದ ಜಾಗ ಸಾಕು, ಲೆಕ್ಕ ಅದೇ, ಗೆರೆ ಮಾತ್ರ ಸಣ್ಣದು. ಗುರುಗಳ ಜೊತೆಗೇ ಹೋಗಿ. ಗುಡ್ಡೆ ಯಾರದೋ ರಬ್ಬರ್ ತೋಟದಲ್ಲೋ ಗೇರು ತೋಟದಲ್ಲೋ ಇದ್ದರೆ ಮೊದಲು ಅವರನ್ನು ಕೇಳಿ. ಕೇಳಿದರೆ ಹೆಚ್ಚಿನವರು ದಾರಿ ತೋರಿಸಿ, ಕುಡಿಯಲು ನೀರು, ಬೆಲ್ಲವನ್ನೂ ಕೊಡುತ್ತಾರೆ. ಉಂಬಳಗಳಿಗೆ ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ.

ಪುಸ್ತಕದಲ್ಲಿ ಉತ್ತರದ ಜೊತೆಗೆ ಯಾವ ವರ್ಷದ ನಕ್ಷೆ ನೋಡಿದಿರಿ, ಯಾವ ವರ್ಷದ ಗಡಿ ಹಿಡಿದಿರಿ, ಪೈಪಿನ ಅಳತೆ ಹೊರಟಲ್ಲಿಗೆ ವಾಪಸು ಬಂದಾಗ ಎಷ್ಟು ವ್ಯತ್ಯಾಸ ಬಂತು, ಇಷ್ಟನ್ನೂ ಬರೆಯಿರಿ. ಪಕ್ಕದ ಶಾಲೆಯವರು ಬೇರೆ ಗುಡ್ಡೆಯ ಹೆಸರು ಹೇಳಿದರೆ ಜಗಳಾಡುವ ಮುನ್ನ ಎರಡೂ ಪುಸ್ತಕಗಳನ್ನು ಒಟ್ಟಿಗಿಟ್ಟು ನೋಡಿ.

ಆ ರಸಪ್ರಶ್ನೆಯ ಹಾಳೆಯಲ್ಲಿ ನಾನು ಉತ್ತರದ ಸಾಲನ್ನು ಹೊಡೆದು ಹಾಕಿದ್ದೇನೆ. ಆ ಹುಡುಗಿ ಈಗ ಪ್ರೌಢಶಾಲೆಯನ್ನೂ ದಾಟಿರಬೇಕು. ಅವಳ ತಮ್ಮನೋ ತಂಗಿಯೋ ಇದನ್ನು ಓದುತ್ತಿದ್ದರೆ, ಅಕ್ಕನಿಗೆ ಒಂದು ಅಂಕ ಬಾಕಿ ಇದೆ ಎಂದು ತಿಳಿಸಿ.